ದನಿ ದಾಟಿಸದ ಡಬ್ಬಿ

ಮಾರ್ಚ್ 9, ಸೋಮವಾರ. ಬೆಳಗ್ಗೆ

ಸಭಿಕರೇ! ಮುಂದಿನ ಕುರ್ಚಿಯ ದೊಡ್ಡವರೇ, ಹಿಂದಿನ ಬೆಂಚಿನ ಸಿಳ್ಳೆಯವರೇ! — ಡೈರಿಗೆ ಸಭಿಕರು ಎಲ್ಲಿಂದ ಬರಬೇಕು... ಇರಲಿ, ಒಳಗಿನ ಸಂಕಟ ಯಾರಿಗಾದರೂ ಹೇಳಬೇಕಲ್ಲ. ಹೊಸ ರೂಟರ್ ಬಂದು ವಾರ. ಹಳೇ ಟೆಲಿಫೋನಿನ ವಯರು ಈಗ ಅಡಾಪ್ಟರ್ ಎಂಬ ಅಂಗೈಯಗಲದ ಡಬ್ಬಿಗೆ. ಡಬ್ಬಿಯ ವಯರು ರೂಟರಿಗೆ. ಹಸಿರು ದೀಪ ಉರಿಯುತ್ತದೆ. ರಿಂಗ್ ಆಗುತ್ತದೆ. ಆ ಕಡೆಯವರ ಮಾತು ನನಗೆ ಕೇಳುತ್ತದೆ. ನನ್ನದು ಅವರಿಗೆ ಕೇಳುವುದಿಲ್ಲ. ನನ್ನದು! ರಂಗದ ಮೇಲೆ ಮೈಕಿಲ್ಲದೆ ಕೊನೇ ಬೆಂಚು ನಡುಗಿಸಿದ ಗಂಟಲು!

ಅದೇ ದಿನ, ಸಂಜೆ

ಅಕ್ಕನ ಫೋನು. ತಿಂಗಳುಗಟ್ಟಲೆ ಮುನಿಸಿನ ನಂತರ. ನಾಟಕ ಕಂಪನಿಯ ಕಾಲದಲ್ಲಿ ಪರದೆಯ ಪಕ್ಕ ನಿಂತು ನಾನು ಮರೆತ ಮಾತು ಎತ್ತಿಕೊಡುತ್ತಿದ್ದವಳು ಅವಳೇ. ಮುನಿಸಿಗೆ ಕಾರಣ — ನಾಟಕದಲ್ಲಿ ನಾನು ಸಾಯಲು ಶುರು ಮಾಡಿದರೆ ಜನ ಮನೆಗೆ ಹೋಗಿ ಊಟ ಮುಗಿಸಿ ಬರಬಹುದು ಅಂತ ಎಲ್ಲರೆದುರು ಅಂದಳು.

"ಹಲೋ... ನಾನು ಕಣೋ."

ಘರ್ಜಿಸಿದೆ. ಪಕ್ಕದ ಮನೆಯ ನಾಯಿ ಉತ್ತರ ಕೊಟ್ಟಿತು. ಅಕ್ಕನಿಗೆ ಕೇಳಲಿಲ್ಲ.

"ಇನ್ನೂ ಕೋಪಾನಾ? ಶುಕ್ರವಾರ ನನಗೆ ಎದೆ ಆಪರೇಷನ್. ಹೇಳೋಣ ಅನ್ನಿಸ್ತು." ಇಟ್ಟುಬಿಟ್ಟಳು.

ಮೊಬೈಲಿನಿಂದ ಮಾಡಿದೆ. ಎತ್ತಲಿಲ್ಲ. ಹೆಂಡತಿ ಮಾಡಿದಾಗ ಎತ್ತಿದಳು. ಇದು ಡಬ್ಬಿಯ ದೋಷ ಅಂತ ಇವಳು ವಿವರಿಸಿದರೆ, "ಅವನ ಬಾಯಿ ಮುಚ್ಚಿಸೋ ಯಂತ್ರ ಇನ್ನೂ ಹುಟ್ಟಿಲ್ಲಮ್ಮ" ಅಂದಳಂತೆ. ಗುರುವಾರ ಸಂಜೆ ಮನೆಯ ಇದೇ ಹಳೇ ಫೋನಿಗೆ ಇನ್ನೊಂದು ಸಲ ಮಾಡುತ್ತಾಳಂತೆ. ಆಗ ನಾನು ಮಾತಾಡಿದರೆ ಸರಿ, ಇಲ್ಲದಿದ್ದರೆ ಇಲ್ಲವಂತೆ.

ಎರಡು ಗಂಟೆ ಬಸ್ಸಿನ ದಾರಿ, ಹೋಗಿ ಬನ್ನಿ ಅಂತಾಳೆ ಇವಳು. ಕರೆಯದೆ ಹೋಗಲೇ? ನಾನು? ಮೊದಲು ಡಬ್ಬಿ.

ಮಾರ್ಚ್ 11, ಬುಧವಾರ

ನಿನ್ನೆ ಬರೆಯುವ ಸ್ಥಿತಿಯಲ್ಲಿರಲಿಲ್ಲ. ಕಸ್ಟಮರ್ ಕೇರಿಗೆ ಬುದ್ಧಿಯಿಲ್ಲದೆ ಇದೇ ಫೋನಿನಿಂದ ಮಾಡಿದೆ. ಗ್ರಾಹಕರು ಮಾತಾಡುತ್ತಿಲ್ಲ ಅಂತ ಕಟ್ ಮಾಡಿದರು. ಮೊಬೈಲಿನಿಂದ ಮಾಡಿದರೆ, ರೂಟರ್ ಆರಿಸಿ ಹಚ್ಚಿ. ಆರಿಸಿದೆ, ಹಚ್ಚಿದೆ. ವಯರು ಕಿತ್ತು ಚುಚ್ಚಿ. ಕಿತ್ತೆ, ಚುಚ್ಚಿದೆ. ನಮ್ಮದೇ ಇಂಟರ್ನೆಟ್ ಬಳಸುವ ಮಹಡಿಯ ಬಾಡಿಗೆಯವನು ಕೆಳಗಿಳಿದು, ಆಫೀಸ್ ಮೀಟಿಂಗ್ ಮೂರು ಸಲ ಹೋಯಿತು ಸಾರ್ ಅಂತ ಅಳುವ ಮುಖ ಮಾಡಿದ.

ಇವತ್ತು ಟೆಕ್ನಿಷಿಯನ್ ಬಂದ. ರೂಟರ್ ಫೋನಿಗೆ ಸಹಾಯ ಮಾಡಲು ಹೋಗಿ, ಮಾತು ತಲುಪಬೇಕಾದ ವಿಳಾಸವನ್ನೇ ತಪ್ಪಾಗಿ ತಿದ್ದುತ್ತಿದೆಯಂತೆ. ಕೇಳಿದವರ್ಯಾರು ಸಹಾಯ? ಆ ಸೆಟ್ಟಿಂಗ್ ಆಫ್ ಮಾಡಿದ. "ರೂಟರಿನ ಹಿಂದೆ ಸಣ್ಣ ತೂತಿದೆ ನೋಡಿ, ಅದರೊಳಗಿನ ಬಟನ್ ಮಾತ್ರ ಒತ್ತಬೇಡಿ. ಒತ್ತಿದರೆ ಈ ಸೆಟ್ಟಿಂಗ್ ಹೋಗಿ ಎಲ್ಲ ಮೊದಲಿನ ಹಾಗಾಗುತ್ತೆ."

ಹೆಂಡತಿಯ ಮೊಬೈಲಿಗೆ ಮಾಡಿದೆ. ಕೇಳಿಸಿತು! ರಾಜನ ಪಾರ್ಟು ಪೂರ್ತಿ ಒಪ್ಪಿಸಿದೆ. ಅವಳು ಮಧ್ಯದಲ್ಲೇ ಕಟ್ ಮಾಡಿದ್ದು ಆಮೇಲೆ ತಿಳಿಯಿತು.

ಮಾರ್ಚ್ 12, ಗುರುವಾರ. ಸಂಜೆ, ಅಕ್ಕನ ಫೋನಿನ ನಂತರ

ನನ್ನ ಕೈಗೆ ಬರೆ ಹಾಕಬೇಕು.

ಅಕ್ಕನ ಫೋನಿಗೆ ಸ್ವಲ್ಪ ಮುಂಚೆ ಹಸಿರು ದೀಪ ಮಿಟುಕಿತು. ಒಂದೇ ಸಲ. "ಸರಿ ಇದೆಯಲ್ರೀ, ಬಿಡಿ" ಅಂದಳು ಇವಳು. ಬಿಡಲಿಲ್ಲ. ರೂಟರ್ ಆರಿಸಿ ಹಚ್ಚಿದೆ. ಸಾಲದು ಅನ್ನಿಸಿತು. ಇವಳ ಹೇರ್‌ಪಿನ್ ತೆಗೆದು ಆ ತೂತಿಗೆ... ಅಕ್ಕ ಸುಳ್ಳು ಹೇಳಿರಲಿಲ್ಲ. ನಾಟಕದ ಸಾವಾಗಲಿ, ರಿಪೇರಿಯಾಗಲಿ, ಎಲ್ಲಿ ನಿಲ್ಲಿಸಬೇಕೋ ನನಗೆ ಗೊತ್ತಿಲ್ಲ.

ರಿಂಗಾಯಿತು. ಎತ್ತಿದೆ. ಕೂಗಿದೆ. ದನಿ ಆ ಕಡೆ ಹೋಗಲಿಲ್ಲ.

ಈ ಸಲ ಅವಳು ಇಡಲಿಲ್ಲ. "ಮಾತಾಡ್ಬೇಡ ಬಿಡು. ಕೇಳಿಸ್ಕೋ. ಭಯ ಆಗ್ತಿದೆ ಕಣೋ. ಪರದೆ ಏಳೋ ಮುಂಚೆ ನಿನಗೆ ಆಗ್ತಿತ್ತಲ್ಲ, ಹಾಗೆ. ಆಗ ನಿನ್ನ ಪಕ್ಕ ನಾನಿರ್ತಿದ್ದೆ."

ಬಾಯಿ ಮುಚ್ಚಿದೆ. ಅವಳು ಇಟ್ಟ ಮೇಲೂ ರಿಸೀವರ್ ಹಿಡಿದೇ ಇದ್ದೆ.

ಟೆಕ್ನಿಷಿಯನ್ನನ್ನು ಕರೆಯಲೇ ಅಂದಳು ಇವಳು. ಬೇಡ. ಸಭಿಕರೇ, ಬೆಳಗ್ಗೆ ಮೊದಲ ಬಸ್ಸು ಹಿಡಿಯುತ್ತೇನೆ. ಅವಳನ್ನು ಒಳಗೆ ಕರೆದೊಯ್ಯುವ ಬಾಗಿಲ ಪಕ್ಕ ನಿಲ್ಲುತ್ತೇನೆ. ಘರ್ಜನೆಯಿಲ್ಲ. ಅವಳು ನನಗೆ ಮಾತು ಎತ್ತಿಕೊಡುತ್ತಿದ್ದ ಆ ಪಿಸುದನಿಯಲ್ಲೇ, ಒಂದೇ ಒಂದು ಮಾತು ಹೇಳುತ್ತೇನೆ — ಪಕ್ಕದಲ್ಲೇ ಇದ್ದೀನಿ ಅಕ್ಕ.