ಬೆಲ್ಟ್ ಹಿಡಿದು ನೋಡಿದ ಕೈ

ಬೀದರ, ಶ್ರಾವಣ ಸೋಮವಾರ

ಐಶ್ವರ್ಯಾನ ಅಪ್ಪಾರಿಗೆ ಶರಣು.

ಇವತ್ತ ಉಪವಾಸ ಇದ್ದೇನ್ರಿ. ಅಂಗಳ ಸಾರಿಸಿ, ಲಿಂಗಪೂಜಿ ಮುಗಿಸಿ ಏಳೂದ್ರಾಗ ಮಗಳು ನಿಮ್ಮ ಹಳೀ ಸ್ಪೋರ್ಟ್ಸ್ ಕಾರಿನ ಬಾನೆಟ್ ಎತ್ತಿದ್ದಳು. ಇಂಜಿನ್ನಿಗಿ ಹೊಸಾ ಟೈಮಿಂಗ್ ಬೆಲ್ಟ್ ತಾನೇ ಹಾಕ್ಯಾಳ.

"ಅವ್ವಾ, ಅಪ್ಪಾ ನಿನಗ ಕಲಿಸ್ಯಾರಲ್ಲ, ಹಿಡಿದು ನೋಡು" ಅಂದಳು.

ಎರಡು ಬೆರಳಾಗ ಹಿಡಿದು ತಿರುವಿದೆ. ಬಿಗಿ ಸರಿ ಇದ್ರ ಕಾಲುಸುತ್ತು ತಿರುಗಬೇಕಲ್ರಿ, ತಿರುಗಲಿಲ್ಲ.

"ಬಿಗಿ ಆಗ್ಯಾದ, ಸಡಿಲ ಮಾಡು."

"ಮುಂಜಾನಿಂದ ಒಂದು ತುತ್ತು ತಿಂದಿಲ್ಲ, ಬೆಲ್ಟಿಗ್ಯಾಕ ಬೈತಿ?" ಅಂತ ನಕ್ಕಳು. ಆದ್ರೂ ನನ್ನ ಮಾತಿಗೆ ಸಡಿಲ ಮಾಡಿ, ಕಾರ್ ತಗೊಂಡು ಭಾಲ್ಕಿಗಿ ಹೋದಳು.

ಈಗ ಕುಂತಲ್ಲಿ ಕುಂದ್ರಾಕ ಆಗವಲ್ದು. ಕೈಯಾಗ ಬಲ ಇಲ್ಲದ್ದಕ್ಕ ನನಗ ಬಿಗಿ ಅನಿಸಿತೇನು? ಸಡಿಲ ಬೆಲ್ಟ್ ಚಕ್ರದ ಹಲ್ಲು ಬಿಟ್ಟು ಜಿಗಿದ್ರ ದಾರ್ಯಾಗ ಇಂಜಿನ್ ಒಡೀತದ ಅಂತ ನೀವೇ ಹೇಳ್ತಿದ್ರಿ. ಗಾಡಿ ನಡಸೂ ಮುಂದ ಆಕಿ ಫೋನ್ ಎತ್ತೂದಿಲ್ಲ. ಔರಾದಕ್ಕ ನಿಮಗ ಮಾಡಿದ್ರ ಆ ಮನಿಯಾಗಿನ ನಿಮ್ಮ ಹೆಂಡತಿ ಎತ್ತತಾಳ. ನಾ ಯಾರಂತ ಹೇಳ್ಲಿ? ಈ ಕಾಗದಾನೂ ಆಕಿ ಕೈಗಿ ಸಿಗಬಾರದಂತ ಪೋಸ್ಟಿಗಿ ಹಾಕೂದಿಲ್ಲ, ಔರಾದ ಬಸ್ಸಿಗಿ ಹೋಗೂವರ ಕೈಯಾಗ ಕಳಸ್ತೇನಿ.

ನೀವಿಲ್ಲಿ ಇದ್ದಿದ್ರ ಇವತ್ತ ನನ್ನ ಕೈ ನಂಬತಿದ್ರೇನು? ಅಷ್ಟೇ ಬರೀರಿ. ಔರಾದ ಬಸ್ಸಿನಾಗ ಬರೂ ಯಾರಾರ ನಿಮ್ಮ ಉತ್ತರ ತಂದು ಕೊಡ್ಲಿ.