ಎದುರುಬದುರು ಇಟ್ಟು ತುಂಬಿಸಿದ ಹಾಡುಗಳು

ಧಾರವಾಡ
೧೪ ಜುಲೈ ೧೯೯೬

ಪ್ರೀತಿಯ ಚಿನ್ಮಯೀ ಅಕ್ಕನಿಗೆ ತಮ್ಮ ದತ್ತುವಿನ ನಮಸ್ಕಾರ.

ನೀನು ಕಳಿಸಿದ ಕ್ಯಾಸೆಟ್ ಬಂದು ತಿಂಗಳಾಯಿತು. ತಡಮಾಡಿದ್ದಕ್ಕೆ ಬೈದುಕೋ. ಕಾಲೇಜು ಬಿಟ್ಟ ಮೇಲೆ ಇದು ಮೂರನೆಯ ಕೆಲಸ; ಲಕಮನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಕಬ್ಬಿಣಕ್ಕೆ ತೂತು ಕೊರೆಯುತ್ತೇನೆ. ಇದನ್ನೂ ಬಿಡುತ್ತೇನೋ ಏನೋ. ಅವ್ವ ಆರಾಮ ಇದ್ದಾಳೆ. ಅವಳದು ಒಂದೇ ಪ್ರಶ್ನೆ: "ನಮ್ಮ ಚಿನ್ಮಯೀ ಸೊಲ್ಲಾಪುರದಾಗ ಹಾಡ್ತಾಳೋ ಇಲ್ಲೋ?" ದಿನಾ ಹಾಡುತ್ತೇನೆ ಎಂದು ನೀನು ಬರೆದ ಸಾಲನ್ನು ಓದಿ ಹೇಳಿದ್ದೇನೆ. ಆದರೂ ಕೇಳುತ್ತಾಳೆ.

ನಿನ್ನ ಪಕ್ಕದ ಮನೆಯ ನಿರುಪಮಾ ಮುಂಬೈಯಿಂದ ತಂದ ಆ ಅಮೆರಿಕದ ಗಾಯಕಿಯ ಆಯ್ದ ಹಾಡುಗಳನ್ನು, ಎರಡು ಟೇಪ್‌ರೆಕಾರ್ಡರ್ ಎದುರುಬದುರು ಇಟ್ಟು ನೀನು ನನಗಾಗಿ ತುಂಬಿಸಿದೆ. ಯಾವುದು ಹಿಡಿಸಿತು ಬರೆ, ನೀನೊಬ್ಬನೇ ಖರೇ ಹೇಳುವವ ಎಂದೆ. ಹಾಗಾದರೆ ಕೇಳು.

ನಿನಗೆ ಬಹಳ ಸೇರಿದ ಮೊದಲನೆಯ ಹಾಡು ನನಗೆ ಸೇರಲಿಲ್ಲ. ಹಿಂದೆ ಅಷ್ಟೊಂದು ಪಿಟೀಲು ಯಾಕೆ? ಆ ದನಿಗೆ ಒರಗಲು ದಿಂಬು ಬೇಕಾಗಿಲ್ಲ. ಕುಣಿಯುವ ಹಾಡುಗಳಲ್ಲಿ ಬಸ್ಸು ತಪ್ಪೀತೆಂಬಂತೆ ಓಡುತ್ತಾಳೆ. ಮೂರನೆಯದು ಮಾತ್ರ ಬೇರೆಯೇ. ಇಂಗ್ಲಿಷ್ ನನಗೆ ಅಷ್ಟಕ್ಕಷ್ಟೇ. ಆದರೆ ಒಂದು ಕಡೆ ಆಕೆ ತಾಳ ಮುಂದೆ ಹೋಗಲು ಬಿಟ್ಟು, ಸುಮ್ಮನಿದ್ದು, ಆಮೇಲೆ ಒಂದೇ ಶಬ್ದ ಹೇಳುತ್ತಾಳೆ. ವರ್ಕ್‌ಶಾಪಿನಲ್ಲಿ ಊಟದ ಹೊತ್ತಿಗೆ ಹಚ್ಚಿದ್ದೆ, ತುತ್ತು ಕೈಯಲ್ಲೇ ಉಳಿಯಿತು. ಲೇತ್ ಮೇಲೆ ಕೆಲಸ ಮಾಡುವ ಲಾಲಸಾಬ ಕೇಳಿದ:

"ಈಕಿ ಅಳಾಕತ್ತಾಳೋ, ಜಗಳಾ ತಗದಾಳೋ?"

"ಎರಡೂ, ಚಾಚಾ."

"ಹಂಗಾರ ನಮ್ಮ ಮನ್ಯಾಕಿ ಹಂಗನ ಬಿಡು. ಇನ್ನೊಮ್ಮೆ ಹಚ್ಚು."

ಕೊನೆಯ ಹಾಡಿನಲ್ಲಿ ನಿರಾಸೆಯಾಯಿತು. ಚಪ್ಪಾಳೆಗಾಗಿ ಒಂದೇ ಸ್ವರವನ್ನು ಎಳೆದೇ ಎಳೆದಳು. ನಿನ್ನ ಗುರುಗಳು ಕೇಳಿದ್ದರೆ ಎದ್ದು ಹೋಗುತ್ತಿದ್ದರು.

ಭಾವನಿಗೆ ನಮಸ್ಕಾರ ತಿಳಿಸು. ನಿನ್ನ ತಲೆಯ ಮೇಲೆ ಅವ್ವನ ಕೈ ಇದೆ ಎಂದು ತಿಳಿ.

ನಿನ್ನ ತಮ್ಮ,
ದತ್ತು

ತಾ.ಕ.: ಎರಡನೆಯ ಬದಿಯ ನಾಲ್ಕನೆಯ ಹಾಡಿನ ಬಗ್ಗೆ ಮೇಲೆ ಬರೆಯಲಿಲ್ಲ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ. ಅಲ್ಲಿ ಆಕೆಯ ಜೊತೆ ನೀನೂ ಗುನುಗಿದ್ದೀ. ನಿನಗೆ ಗೊತ್ತಿಲ್ಲದೆ ಅದೂ ತುಂಬಿಕೊಂಡಿದೆ. ಒಂದೂವರೆ ಸಾಲು. ಅಷ್ಟರಲ್ಲಿ ನಿನ್ನ ಅತ್ತೆ ಕಾಶೀಬಾಯಿಯವರ ದನಿ, ಸಿಟ್ಟೇನೂ ಇಲ್ಲ: "ಹೆಣ್ಣು ನೋಡ್ಲಿಕ್ಕೆ ಬಂದಾಗ ನಿನ್ನ ಹಾಡು ಕೇಳೇವಲ್ಲವಾ. ಈ ಮನ್ಯಾಗ ಬ್ಯಾಡ ಅಂತ ಎಷ್ಟು ಸರ್ತಿ ಹೇಳಬೇಕು?" ನೀನು "ತಪ್ಪಾತ್ರಿ" ಎಂದೆ. ಅಲ್ಲಿಂದ ಮುಂದೆ ಆ ಗಾಯಕಿ ಒಬ್ಬಳೇ. ಅವತ್ತು ನಮ್ಮ ಮನೆಯಲ್ಲಿ ಇನ್ನೊಂದು, ಇನ್ನೊಂದು ಎಂದು ನಿನ್ನಿಂದ ಮೂರು ಹಾಡು ಹಾಡಿಸಿದವರು ಇವರೇ ಅಲ್ಲವೇ?

ಕ್ಯಾಸೆಟ್ಟನ್ನು ವರ್ಕ್‌ಶಾಪಿನಲ್ಲೇ ಇಟ್ಟಿದ್ದೇನೆ, ಅವ್ವನಿಗೆ ಕೇಳಿಸಿಲ್ಲ. ಇವತ್ತು ಬೆಳಿಗ್ಗೆ ಅವಳು ಮತ್ತೆ ಕೇಳಿದಳು. "ಹಾಡ್ತಾಳ" ಎಂದೆ. ಎಷ್ಟು ಎಂದು ಹೇಳಲಿಲ್ಲ.