ಇಪ್ಪತ್ತನೆಯ ಹಾಳೆಯ ಬಗ್ಗೆ ನಮ್ಮ ಲೋಕಸಭಾ ಸದಸ್ಯರಿಗೆ

ಮಾನ್ಯ ಲೋಕಸಭಾ ಸದಸ್ಯರೇ,

ನಿಮಗೆ ತಿಳಿಯದೆ ನಾನು ಹತ್ತೊಂಬತ್ತು ಸಲ ನೀವಾಗಿದ್ದೇನೆ. ನಿಮ್ಮ ಹೆಸರು ಅಚ್ಚಾದ ಹಾಳೆಯಲ್ಲಿ, ನಿಮ್ಮ ಸಹಿಯ ಮೇಲೆ, ನನ್ನ ಕೈಬರಹದಲ್ಲಿ ಹತ್ತೊಂಬತ್ತು ಶಿಫಾರಸು ಬರೆದಿದ್ದೇನೆ. ಅದರಲ್ಲಿ ಒಂದು ಹಾಳೆಯಿಂದ ಒಬ್ಬ ಮನುಷ್ಯನಿಗೆ ಕೋವಿ ಸಿಕ್ಕಿತು. ಆ ಕೋವಿಯಿಂದ ಒಬ್ಬ ಹೆಂಗಸಿನ ಕಾಲು ಹಾಳಾಯಿತು. ಈಗ ಅದೇ ಕೋವಿಯ ಲೈಸನ್ಸನ್ನು ಮುಂದುವರಿಸಲಿಕ್ಕೆ ಇಪ್ಪತ್ತನೆಯ ಹಾಳೆ ನನ್ನ ಮುಂದೆ ಬಂದಿದೆ. ಸಹಿ ನೀವು ಐದು ವರ್ಷದ ಹಿಂದೆಯೇ ಹಾಕಿ ಆಗಿದೆ, ಬರೆಯುವುದು ಮಾತ್ರ ಬಾಕಿ. ಅದನ್ನು ನಾನು ಬರೆಯುವುದಿಲ್ಲ ಎಂದು ತಿಳಿಸಲಿಕ್ಕೆ ಈ ಪತ್ರ. ಪತ್ರಿಕೆಯ ಮೂಲಕ ತಿಳಿಸುವುದಕ್ಕೆ ಕ್ಷಮಿಸಬೇಕು. ಖಾಸಗಿಯಾಗಿ ಬರೆದರೆ ನಿಮ್ಮ ಕಚೇರಿಯಲ್ಲಿಯೂ ನನ್ನಂಥ ಒಬ್ಬಳು ಕುಳಿತು ನಿಮ್ಮ ಪರವಾಗಿ ಚೆಂದದ ಉತ್ತರ ಬರೆದಾಳು ಎಂಬ ಭಯ.

ನಿಮಗೆ ನೆನಪಿರಲಿಕ್ಕಿಲ್ಲ, ಆದ್ದರಿಂದ ನೆನಪು ಮಾಡುತ್ತೇನೆ. ಅರುವತ್ತೆರಡರಲ್ಲಿ ಎರಡನೆಯ ಸಲ ಗೆದ್ದ ಮೇಲೆ ನೀವು ಮತದಾರರಿಗೆ ಕೃತಜ್ಞತೆ ಹೇಳಲು ಪುಂಜಾಲಕಟ್ಟೆಗೆ ಬಂದಿರಿ. ನಮ್ಮ ಜಗಲಿಯೇ ನಿಮ್ಮ ಚುನಾವಣಾ ಕಚೇರಿಯಾಗಿತ್ತು. ಅದನ್ನು ನಡೆಸಿದವರು ನನ್ನ ಮಾವ ಕುಶಾಲಪ್ಪನವರು. ನೀವು ಕುಳಿತುಕೊಳ್ಳಲಿಲ್ಲ, ಕಾರಿನ ಇಂಜಿನೂ ನಿಲ್ಲಿಸಲಿಲ್ಲ, ನಿಂತೇ ಬೊಂಡದ ನೀರು ಕುಡಿದಿರಿ. ಜನ ಶಿಫಾರಸು ಕಾಗದ ಕೇಳಿಕೊಂಡು ಬರುತ್ತಾರೆ, ತಾವು ದೆಹಲಿಯಲ್ಲಿ ಇರುತ್ತೀರಿ, ಏನು ಮಾಡುವುದು ಎಂದು ಮಾವ ಕೇಳಿದರು. ನೀವು ನಗುತ್ತಾ ಹಾಳೆಯ ಕಟ್ಟನ್ನು ಕಾರಿನ ಬಾನೆಟ್ಟಿನ ಮೇಲಿಟ್ಟು ಇಪ್ಪತ್ತು ಸಹಿ ಹಾಕಿದಿರಿ. "ನಿಮ್ಮ ಸೊಸೆ ಬಿ.ಎ. ಅಂತಲ್ಲ ಕುಶಾಲಪ್ಪಣ್ಣ? ಉಳಿದದ್ದು ಅವರೇ ತುಂಬಿಸ್ಲಿ" ಎಂದಿರಿ. ಇಂಜಿನಿನ ನಡುಕಕ್ಕೆ ನಿಮ್ಮ ಎರಡು ಮೂರು ಸಹಿಗಳು ಸ್ವಲ್ಪ ಕಂಪಿಸಿವೆ. ನನಗೆ ಆವಾಗ ಮದುವೆಯಾಗಿ ನಾಲ್ಕು ತಿಂಗಳು. ಬಾಗಿಲ ಹಿಂದೆ ನಿಂತು ಕೇಳಿ ಹಿಗ್ಗಿದೆ. ಮಂಗಳೂರಿನ ಕಾಲೇಜಿನಲ್ಲಿ ಕಲಿತದ್ದು ಬರೇ ಒಗ್ಗರಣೆ ಹಾಕಲಿಕ್ಕಲ್ಲ ಎಂದು ಈ ಮನೆಯಲ್ಲಿ ತೋರಿಸಲು ನನಗೊಂದು ದಾರಿ ಬೇಕಿತ್ತು. ರಾಷ್ಟ್ರದ ಶಾಸನಸಭೆಯೇ ಆ ದಾರಿಯನ್ನು ನಮ್ಮ ಜಗಲಿಗೆ ತಂದು ಇಟ್ಟಿತು.

ಮೊದಲ ಕಾಗದಗಳು ನಿರುಪದ್ರವಿ. ಆಸ್ಪತ್ರೆಯಲ್ಲಿ ಹಾಸಿಗೆ, ಹಾಸ್ಟೆಲಿನಲ್ಲಿ ಜಾಗ, ವೇಣೂರಿನ ಬಸ್ಸನ್ನು ಇನ್ನೊಂದು ಮೈಲಿ ಮುಂದೆ ಬಿಡಬೇಕೆಂಬ ವಿನಂತಿ. ಆಮೇಲೆ ಸಂಕಪ್ಪನವರು ಬಂದರು. ನಮ್ಮ ಬೈಲಿನ ದೊಡ್ಡ ಧಣಿ, ಅವರ ಒಕ್ಕಲುಗಳ ಮನೆಗಳಲ್ಲೇ ಮುನ್ನೂರು ಮತಗಳಿವೆ. ಕೋವಿಗೆ ಅವರು ಹಾಕಿದ ಅರ್ಜಿಯನ್ನು ಪೊಲೀಸರು ಒಪ್ಪಿರಲಿಲ್ಲ. ಕಾರಣ ಊರಿಗೆಲ್ಲ ಗೊತ್ತಿತ್ತು. ಹಿಂದೊಮ್ಮೆ ಅವರು ಯಾರದ್ದೋ ಕೋವಿಯನ್ನು ಕಾಡುಹಂದಿಗೆಂದು ಗದ್ದೆಗಳ ನಡುವೆ ಜನ ನಡೆದಾಡುವ ಹುಣಿಯಲ್ಲಿ ಕಟ್ಟಿ ಇಟ್ಟು ನೆರೆಮನೆಯ ಹಾಜಬ್ಬರ ಗಬ್ಬದ ದನ ಸತ್ತಿತ್ತು. ದಾರಿಗೆ ಅಡ್ಡವಾಗಿ ಮೊಣಕಾಲಿನ ಎತ್ತರಕ್ಕೆ ನೂಲು ಕಟ್ಟಿ, ಅದರ ತುದಿಯನ್ನು ಈಡು ಹಾರಿಸುವ ಕೋವಿಯ ಕುದುರೆಗೆ ಬಿಗಿದು, ಧಣಿಗಳು ಮನೆಗೆ ಹೋಗಿ ಮಲಗುತ್ತಾರೆ. ನೂಲಿಗೆ ತಾಗಿದ್ದು ಹಂದಿಯೋ ದನವೋ ಎಂದು ಕೋವಿ ಕೇಳುವುದಿಲ್ಲ.

ಆ ದನದ ವಿಷಯ ನನಗೂ ಗೊತ್ತಿತ್ತು, ಮಾನ್ಯರೇ. ಗೊತ್ತಿದ್ದೂ ನಿಮ್ಮ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆದೆ: ಸಂಕಪ್ಪನವರನ್ನು ನಾನು ಹತ್ತು ವರ್ಷಗಳಿಂದ ಹತ್ತಿರದಿಂದ ಬಲ್ಲೆ, ಇವರು ಶಾಂತ ಸ್ವಭಾವದವರು, ಕಾನೂನಿಗೆ ತಲೆಬಾಗುವವರು, ಇವರ ಕೈಯಲ್ಲಿ ಆಯುಧವಿದ್ದರೆ ನೆರೆಕರೆಗೆ ರಕ್ಷಣೆಯೇ ಹೊರತು ಭಯವಿಲ್ಲ. 'ನೆರೆಕರೆಗೆ ರಕ್ಷಣೆ' ಎಂಬ ಮಾತು ನನ್ನದೇ. ಯಾರೂ ಹೇಳಿಕೊಟ್ಟದ್ದಲ್ಲ. ವಾಕ್ಯದ ಓಟ ಸರಿಯಾಗಲಿಲ್ಲವೆಂದು ಬೇರೆ ಕಾಗದದಲ್ಲಿ ಎರಡು ಸಲ ತಿದ್ದಿ ಬರೆದಿದ್ದೆ. ಎರಡು ತಿಂಗಳಲ್ಲಿ ಮಂಗಳೂರಿನಿಂದ ಲೈಸನ್ಸು ಬಂತು. ಪೊಲೀಸರು ಕಣ್ಣಾರೆ ಕಂಡು ಬರೆದದ್ದಕ್ಕಿಂತ ನೀವು ಕಾಣದೆ ಬರೆದದ್ದಕ್ಕೆ ತೂಕ ಹೆಚ್ಚು ಎಂದು ಆವತ್ತು ನನಗೆ ಗೊತ್ತಾಯಿತು. ಸಂಕಪ್ಪನವರು ಒಂದು ಗೊನೆ ಬಾಳೆಹಣ್ಣು ಕಳುಹಿಸಿದರು. ತಿಂದೆವು.

ಇನ್ನು ಸೇಸಮ್ಮನ ವಿಷಯ. ಸೇಸಮ್ಮ ಸಂಕಪ್ಪನವರ ಒಕ್ಕಲು, ನಮ್ಮ ಸುತ್ತಿನ ಮೂರು ಊರುಗಳ ಹಸುಗೂಸುಗಳನ್ನು ಮೀಯಿಸಿದವಳು. ನೀವು ನೋಡಿರಬಹುದು, ನಿಮ್ಮನ್ನೂ ಯಾರೋ ಹಾಗೆಯೇ ಮೀಯಿಸಿದ್ದಾರೆ: ನೆಲಕ್ಕೆ ಕುಳಿತು, ಎರಡೂ ಕಾಲುಗಳನ್ನು ಉದ್ದಕ್ಕೆ ಚಾಚಿ, ಆ ಕಾಲುಗಳ ಮೇಲೆ ಮಗುವನ್ನು ಮಲಗಿಸಿ ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುವುದು. ಕಳೆದ ವರ್ಷ ನನ್ನ ಮಗಳು ಹುಟ್ಟಿದ ಮೇಲೆ ದಿನಾ ಬರುತ್ತಿದ್ದಳು. ಒಂದು ಬೆಳಗ್ಗೆ ಅವಳು ಎಂದಿಗಿಂತ ಬೇಗ ಹೊರಟಳು. ಬೆಳಕು ಹರಿದ ಮೇಲೆ ಧಣಿಗಳ ಆಳು ಬಂದು ನೂಲು ಬಿಚ್ಚುವುದು ರೂಢಿ. ಅವತ್ತು ಇನ್ನೂ ಬಿಚ್ಚಿರಲಿಲ್ಲ. ಈಡಿನ ಸದ್ದು ನಮ್ಮ ಮನೆಗೂ ಕೇಳಿಸಿತು. ಹಂದಿ ಬಿತ್ತು ಎಂದರು ಮಾವ.

ಮಂಗಳೂರಿನ ಡಾಕ್ಟರರು ಅವಳ ಮೊಣಕಾಲಿನಿಂದ ಕೋವಿಯ ಏಳು ಸೀಸದ ಚರೆಗಳನ್ನು ತೆಗೆದರು. ಬಿದಿರಿನ ಕೂಳೆ ಚುಚ್ಚಿದ್ದು ಎಂದು ಸೇಸಮ್ಮ ಪೊಲೀಸರಿಗೆ ಹೇಳಿದಳು. ಧಣಿಗಳ ಜಾಗದಲ್ಲಿ ಮನೆ ಇರುವವಳು ಬೇರೇನು ಹೇಳಿಯಾಳು? ಕಾಲು ಉಳಿಯಿತು, ಆದರೆ ಮೊಣಕಾಲು ಬಾಗಿದ್ದು ಬಾಗಿಯೇ ಉಂಟು. ಉದ್ದಕ್ಕೆ ಚಾಚಲಿಕ್ಕೆ ಆಗುವುದಿಲ್ಲ. ಆ ಕಾಲಿನ ಮೇಲೆ ಇನ್ನು ಯಾವ ಮಗುವೂ ಮಲಗುವುದಿಲ್ಲ.

ಇದಾಗಿ ಎರಡು ತಿಂಗಳಿಗೆ ಮೂಡಬಿದ್ರೆಯಲ್ಲಿ ನಿಮ್ಮ ಸಭೆ. ನನ್ನ ಗಂಡ ಅಲ್ಲಿ ಶಾಲಾ ಮಾಸ್ತರರು. ಎಲ್ಲವನ್ನೂ ನಿಮಗೆ ಹೇಳಿಬಿಡಬೇಕೆಂದು ಮಗುವನ್ನು ಎತ್ತಿಕೊಂಡು ನಾನೂ ಬಂದೆ. ನೀವು ಅಣುಬಾಂಬಿನ ಬಗ್ಗೆ ಮಾತನಾಡಿದಿರಿ. ಇದು ಬಸದಿಗಳ ಊರು, ಅಹಿಂಸೆಯ ಮಣ್ಣು, ಇಲ್ಲಿಂದ ನಾವು ಅಮೆರಿಕಕ್ಕೂ ರಷ್ಯಾಕ್ಕೂ ಆಯುಧ ಕೆಳಗಿಡಿ ಎಂದು ಹೇಳುತ್ತೇವೆ ಎಂದಿರಿ. ನಾನೂ ಚಪ್ಪಾಳೆ ತಟ್ಟಿದೆ, ಸುಳ್ಳು ಹೇಳುವುದಿಲ್ಲ. ರಷ್ಯಾದವರು ಕೇಳಿಸಿಕೊಂಡರೋ ಇಲ್ಲವೋ, ಸಂಕಪ್ಪನವರಂತೂ ಎದುರಿನ ಕುರ್ಚಿಯಲ್ಲೇ ಇದ್ದರು. ಹಾರ ಹಾಕಿದ್ದೂ ಅವರೇ. ಹತ್ತು ವರ್ಷ ಹತ್ತಿರದಿಂದ ಬಲ್ಲವರನ್ನು ನೀವು ಪಕ್ಕದವರ ಹತ್ತಿರ "ಇವರು ಯಾರು?" ಎಂದು ಕೇಳಿದ್ದು ನನಗೆ ಕೇಳಿಸಿತು. ಸಭೆ ಮುಗಿದ ಮೇಲೆ ನಿಮ್ಮ ಮುಂದೆ ಬಂದು ನಿಂತೆ. ಹೇಳಬೇಕಾದದ್ದನ್ನು ಬಿಟ್ಟು ಮಗುವಿನ ಟೊಪ್ಪಿ ಸರಿಮಾಡಿದೆ. ನೀವು ಮಗುವಿನ ಕೆನ್ನೆ ಮುಟ್ಟಿ ಊರು ಕೇಳಿದಿರಿ. ಹೇಳಿದೆ.

"ಕಾಗದ ಏನಾದ್ರೂ ಬೇಕಿತ್ತಾ ಅಮ್ಮ? ಅಲ್ಲೇ ಕುಶಾಲಪ್ಪಣ್ಣನ ಹತ್ರ ಉಂಟಲ್ಲ" ಎಂದು ಕಾರು ಹತ್ತಿದಿರಿ.

ನಾನು ಕೋವಿಯೇ ಬೇಡ ಎನ್ನುವವಳಲ್ಲ. ನೆರಿಯದ ಕಡೆ ಕಾಡಿನಂಚಿನಲ್ಲಿ ಗೆಣಸು ಹಾಕಿದವರ ಪಾಡು ನೋಡಿದ್ದೇನೆ. ಹಂದಿಯ ಹಿಂಡು ಒಮ್ಮೆ ನುಗ್ಗಿದರೆ ಅಲ್ಲಿ ಮನುಷ್ಯರು ನೆಟ್ಟದ್ದಿತ್ತು ಎಂಬುದಕ್ಕೆ ಗುರುತೂ ಉಳಿಯುವುದಿಲ್ಲ. ಬೆಳೆ ಕಾಯುವವನಿಗೆ ಕೋವಿ ಬೇಕಾದೀತು. ಆದರೆ ಕೋವಿ ಹಿಡಿದವನು ಅದರ ಹಿಂದೆ ನಿಂತಿರಬೇಡವೇ? ಎದುರಿಗೆ ಬಂದದ್ದು ಏನೆಂದು ಅವನ ಕಣ್ಣು ನೋಡಬೇಡವೇ? ಐವತ್ತೊಂಬತ್ತರಲ್ಲಿ ಆಯುಧಗಳ ಕಾನೂನನ್ನು ದೆಹಲಿಯಲ್ಲಿ ಮಾಡಿದಾಗ ನೀವೂ ಆ ಸಭೆಯಲ್ಲಿ ಇದ್ದವರು. ಯಾರ ಕೈಗೆ ಕೋವಿ ಕೊಡಬಹುದು, ಯಾರಿಗೆ ಕೊಡಬಾರದು ಎಂದು ವಿಚಾರಿಸಿ ನೋಡಲಿಕ್ಕೆ ಅಲ್ಲವೇ ಆ ಕಾನೂನು? ಅಲ್ಲಿ ಕೈ ಎತ್ತಿದವರು ಇಲ್ಲಿ ಬಾನೆಟ್ಟಿನ ಮೇಲೆ ಸಹಿ ಹಾಕಿ ಆ ವಿಚಾರಣೆಯನ್ನೇ ದಾಟಿಸಿದಿರಿ. ರಾಜಕೀಯದಲ್ಲಿ ನೀತಿ ಬೇಕು ಎಂದು ಎಲ್ಲರೂ ಹೇಳುತ್ತಾರೆ. ಲಂಚ ಮುಟ್ಟದಿದ್ದರೆ ನೀತಿವಂತರಾದೆವು ಎಂದು ತಿಳಿಯುತ್ತಾರೆ. ನೀವು ಲಂಚ ಮುಟ್ಟಿದವರಲ್ಲ, ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ನೀವು ಸಹಿ ಹಾಕಿ ಹೋದಿರಿ, ಅಷ್ಟೇ. ಸಂಕಪ್ಪನವರೂ ನೂಲು ಕಟ್ಟಿ ಹೋದರು, ಅಷ್ಟೇ. ಎರಡರ ಹಿಂದೆಯೂ ಮನುಷ್ಯ ಇರಲಿಲ್ಲ.

ಈಗ ಚುನಾವಣೆ ಬಂತೆಂದು ಲೈಸನ್ಸಿನ ಕೋವಿಗಳನ್ನೆಲ್ಲ ಬೆಳ್ತಂಗಡಿ ಠಾಣೆಯಲ್ಲಿ ತಂದು ಇಡಿಸಿದ್ದಾರೆ. ಸಂಕಪ್ಪನವರದ್ದೂ ಅಲ್ಲಿ ಉಂಟು. ಮತದಾನ ಮುಗಿದ ಮೇಲೆ ಹಿಂದೆ ಕೊಡುತ್ತಾರಂತೆ. ಮತ ಹಾಕಲು ನಡೆಯುವ ಸೇಸಮ್ಮನಿಗೆ ಅಪಾಯವಾಗಬಾರದು, ಮಗು ಮೀಯಿಸಲು ನಡೆಯುವ ಸೇಸಮ್ಮನಿಗೆ ಆದರೆ ಅಡ್ಡಿಯಿಲ್ಲ ಎಂದೇ ಸರಕಾರದ ಅಭಿಪ್ರಾಯ? ಲೈಸನ್ಸಿನ ಅವಧಿಯೂ ಮುಗಿದಿದೆ. ಡಾಕ್ಟರರು ಬರೆದ ಚರೆಯ ವಿಷಯ ಹೇಗೋ ಜಿಲ್ಲಾ ಕಚೇರಿಗೆ ಮುಟ್ಟಿ, ಅಲ್ಲಿಂದ ವಿವರಣೆ ಕೇಳಿದ್ದಾರೆ. ಆದ್ದರಿಂದ ಹೋದ ಸೋಮವಾರ ಮಾವ ಕೊನೆಯ ಹಾಳೆಯನ್ನು ನನ್ನ ಮುಂದೆ ಇಟ್ಟರು.

"ಹೊಸತೇನೂ ಯೋಚನೆ ಮಾಡ್ಲಿಕ್ಕಿಲ್ಲ ಮಗಳೇ. ಹಳೇದನ್ನೇ ಬರೆ. ಹತ್ತು ವರ್ಷ ಅಂತ ಇದ್ದದ್ದನ್ನು ಹದಿನೈದು ಮಾಡಿದರೆ ಆಯ್ತು."

ಸೇಸಮ್ಮನ ಕಾಲು ಎಂದೆ. ಕೂಳೆ ಚುಚ್ಚಿದ್ದು ಅಂತ ಅವಳೇ ಹೇಳಿದ್ದಾಳಲ್ಲ ಎಂದರು, ನನ್ನ ಮುಖ ನೋಡದೆ. ಮಾವ ಕೆಟ್ಟವರಲ್ಲ. ನನ್ನನ್ನು ಹೆತ್ತ ಮಗಳಂತೆ ನೋಡಿದವರು. ಈ ಪತ್ರ ಅಚ್ಚಾದ ಮೇಲೆ ಹಾಗೆ ನೋಡಲಿಕ್ಕಿಲ್ಲ. ಶನಿವಾರ ಗಂಡ ಬಂದಾಗ ಹೇಳಿದೆ. ಅವರು "ಬರೆಯುವುದಾದರೆ ನಿನ್ನ ಹೆಸರಲ್ಲೇ ಬರೆ" ಎಂದರು.

ಬರೆಯುವ ಮೊದಲು ಸೇಸಮ್ಮನನ್ನು ಕೇಳಲಿಕ್ಕೆ ಹೋದೆ. ಅವಳ ಮನೆ ಜಗಲಿಯಲ್ಲಿ ಕುಳಿತು, ಕೋವಿಗೆ ಕಾಗದ ಬರೆದವಳು ನಾನು ಎಂದು ಹೇಳಿದೆ. ಅವಳು ವೀಳ್ಯಕ್ಕೆ ಸುಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ.

"ಗೊತ್ತುಂಟು. ಧಣಿಗಳ ಗುಣ ಎಲ್ಲ ಚೆಂದ ಬರೆದಿದ್ದೀರಂತೆ. ನನ್ನ ಗುಣವೂ ಒಂದು ಹಾಳೆ ಬರೆದು ಕೊಡಿ, ಕಾಲು ನೆಟ್ಟಗಾಗ್ತದಾ ನೋಡುವ."

"ಈಗ ನಿಜ ಬರೆದರೆ ಧಣಿಗಳು ನಿಮ್ಮನ್ನು ಜಾಗದಿಂದ ಓಡಿಸಬಹುದು" ಎಂದೆ.

"ಓಡಿಸಿದರೆ ಓಡಲಿಕ್ಕೆ ಕಾಲು ಬೇಕಲ್ಲ" ಎಂದು ನಕ್ಕಳು. ಆಮೇಲೆ ನಗಲಿಲ್ಲ. "ಬರೆಯಿರಿ. ಆದರೆ ಬರೆಯುವುದಾದರೆ ಅವತ್ತು ಬೇಗ ಬರಲಿಕ್ಕೆ ಹೇಳಿದ್ದು ಯಾರು ಅಂತ, ಅದೂ ಬರೆಯಿರಿ."

ಮಾನ್ಯರೇ, ಮೇಲೆ 'ಅವಳು ಎಂದಿಗಿಂತ ಬೇಗ ಹೊರಟಳು' ಎಂದು ಬರೆದಿದ್ದೇನೆ. ಆ ಸಾಲನ್ನು ಹೊಡೆದುಹಾಕದೆ ಹಾಗೆಯೇ ಬಿಟ್ಟಿದ್ದೇನೆ, ನಾನು ಹೇಗೆ ಬರೆಯುವವಳು ಎಂದು ನಿಮಗೂ ಓದುಗರಿಗೂ ಗೊತ್ತಾಗಲಿ. ಅವಳು ತಾನಾಗಿ ಹೊರಡಲಿಲ್ಲ. ಮಗಳು ರಾತ್ರಿಯಿಡೀ ಅಳುತ್ತಿದ್ದಳು. ಸೇಸಮ್ಮ ಮೀಯಿಸಿ ತೊಟ್ಟಿಲಲ್ಲಿ ಹಾಕಿದರೆ ಮಾತ್ರ ನಾಲ್ಕು ಗಂಟೆ ನಿದ್ದೆ, ಮಗುವಿಗೂ ನನಗೂ. ಹಿಂದಿನ ದಿನ ನಾನೇ ಹೇಳಿದ್ದೆ, ನಾಳೆ ಸ್ವಲ್ಪ ಬೇಗ ಬನ್ನಿ, ಬೆಳಕಾಗುವವರೆಗೆ ಕಾಯಬೇಡಿ ಎಂದು. ಹುಣಿಯಲ್ಲಿ ಕೋವಿ ಕಟ್ಟುತ್ತಾರೆಂದು ನನಗೆ ಗೊತ್ತಿತ್ತು. ಕೋವಿ ಕೊಡಿಸಿದವಳೇ ನಾನಲ್ಲವೇ? ಆದರೆ ನನಗೆ ನಿದ್ದೆ ಬೇಕಿತ್ತು, ಬೇರೆ ಯಾವುದೂ ತಲೆಗೆ ಬರಲಿಲ್ಲ. ಅಂದಿನಿಂದ ಮಗಳು ಮಲಗಿದರೂ ನನಗೆ ನಿದ್ದೆ ಹತ್ತುವುದಿಲ್ಲ. ಇದನ್ನು ದೂರಾಗಿ ಹೇಳುತ್ತಿಲ್ಲ. ನಿಮ್ಮನ್ನು ಕೇಳುವ ಹಕ್ಕು ನನಗೆ ಎಷ್ಟು ಕಡಿಮೆ ಉಂಟೆಂದು ಬಲ್ಲೆ ಎನ್ನಲಿಕ್ಕೆ ಹೇಳಿದೆ.

ಆದರೂ ಕೇಳುತ್ತೇನೆ. ಕೋವಿ ಠಾಣೆಯಲ್ಲಿರುವುದು ಇನ್ನು ಒಂದು ತಿಂಗಳು. ಅಷ್ಟು ದಿನ ನಮ್ಮ ಹುಣಿಯಲ್ಲಿ ಯಾವ ಹೊತ್ತಿಗೂ ನಡೆಯಬಹುದು. ಅಷ್ಟರೊಳಗೆ ನೀವು ನಿಮ್ಮ ಕೈಯಾರೆ ಜಿಲ್ಲಾ ಕಚೇರಿಗೆ ಬರೆಯಬೇಕು: ಸಂಕಪ್ಪನವರನ್ನು ನಾನು ಅರಿಯೆ, ನನ್ನ ಹೆಸರಿನಲ್ಲಿ ಬಂದ ಶಿಫಾರಸನ್ನು ನಾನು ಓದಿಯೂ ಇಲ್ಲ ಎಂದು. ನಿಜ ಹೇಳಿದ್ದಕ್ಕೆ ಸೇಸಮ್ಮನ ಮನೆಗೆ ತೊಂದರೆಯಾಗದಂತೆ ನೋಡಿಕೊಳ್ಳಬೇಕು. ಮುನ್ನೂರು ಮತ ಕೇಳಲು ಧಣಿಗಳ ಮನೆಗೆ ಹೇಗೂ ಹೋಗುತ್ತೀರಿ, ಆಗ ಈ ಒಂದು ಮಾತನ್ನೂ ಹೇಳಬಹುದು. ಮತ್ತೆ ಗೆದ್ದು ದೆಹಲಿಗೆ ಹೋದರೆ, ಕೋವಿಯ ಅರ್ಜಿಗೆ ಲೋಕಸಭಾ ಸದಸ್ಯರು ಶಿಫಾರಸು ಮಾಡುವುದನ್ನೇ ನಿಲ್ಲಿಸುವ ಮಾತನ್ನು ಅಲ್ಲಿ ಎತ್ತಬೇಕು. ಕೋವಿ ಕೇಳುವ ಮನುಷ್ಯನ ಗುಣ ಹೇಳುವವರು ಅವನ ಗದ್ದೆಯ ಹುಣಿಯಲ್ಲಿ ದಿನಾ ನಡೆಯುವವರಾಗಿರಲಿ.

ಇಪ್ಪತ್ತನೆಯ ಹಾಳೆಯನ್ನು ಈ ಪತ್ರದ ಜೊತೆ ಸಂಪಾದಕರಿಗೆ ಒಪ್ಪಿಸಿದ್ದೇನೆ. ಐದು ದಿನ ಅದು ನನ್ನ ಪೆಟ್ಟಿಗೆಯಲ್ಲಿತ್ತು. 'ಸಂಕಪ್ಪ ಎಂಬವರ ಪರಿಚಯ ನನಗಿಲ್ಲ' ಎಂದು ಒಂದೇ ಸಾಲು ಬರೆದು ಮಂಗಳೂರಿಗೆ ಕಳುಹಿಸಿದ್ದರೆ ಕೆಲಸ ಮುಗಿಯುತ್ತಿತ್ತು, ಮನೆಯಲ್ಲಿ ಯಾರ ಮುಖವೂ ಕೆಡುತ್ತಿರಲಿಲ್ಲ. ನಿಮ್ಮ ಸಹಿಯ ಮೇಲೆ ನಾನು ಬರೆದ ಮೊದಲ ಸತ್ಯ ಅದಾಗುತ್ತಿತ್ತು. ಪೆನ್ನಿಗೆ ಶಾಯಿಯನ್ನೂ ತುಂಬಿಸಿದ್ದೆ. ಬರೆಯಲಿಲ್ಲ. ಸಂಪಾದಕರ ಕಚೇರಿಯಲ್ಲಿ ಅದು ಖಾಲಿಯೇ ಉಂಟು, ಬಂದು ನೀವೇ ತುಂಬಿಸಿ. ನಾಳೆ ಬೆಳಗ್ಗಿನ ಬಸ್ಸಿಗೆ ನಾನು ಬೆಳ್ತಂಗಡಿ ಠಾಣೆಗೆ ಹೋಗಿ, ಹಳೆಯ ಕಾಗದದ ಕೈಬರಹ ಯಾರದ್ದೆಂದು ಬರೆದುಕೊಡುವವಳಿದ್ದೇನೆ. ನಾನು ಹಿಂದೆ ಬರುವವರೆಗೆ ಮಗುವನ್ನು ಸೇಸಮ್ಮ ನೋಡಿಕೊಳ್ಳುತ್ತಾಳೆ. ತಾನೇ ಬರುತ್ತೇನೆ ಎಂದಳು, ಬೆಳಕಾದ ಮೇಲೆ. ಮೀಯಿಸಲಿಕ್ಕೆ ಆಗದು, ತೊಟ್ಟಿಲು ತೂಗಬಹುದು ಎಂದಳು.

ಇಂತಿ,
ನಿಮ್ಮ ಪರವಾಗಿ ಹತ್ತೊಂಬತ್ತು ಸಲ, ತನ್ನ ಪರವಾಗಿ ಮೊದಲ ಸಲ ಬರೆದ,
ಲೋಲಾಕ್ಷಿ, ಬಿ.ಎ.
ಪುಂಜಾಲಕಟ್ಟೆ
ಜನವರಿ ೧೯೬೭